ಮೂರನೇ ಕೀಲಿಕೈ

ಟಿಕಾರೆ ರೋಡಿನಾಗ ಕೂತು ಮಾಡಿಸಿದೆ ಮೂರು ಕೀಲಿಕೈ.
ಎರಡು ಹುಡುಗರಿಗೆ, ಒಂದು ನನಗ.
ಸೊಸಾಯಿಟಿ ಸಾಲ, ಎತ್ತಿದ ಚೀಟಿ, ಅವ್ವನ ಒಂದು ಜೋಡಿ ಬಿಲ್ವಾರ
ಕರಗಿ ಎರಡು ಖೋಲಿ, ಒಂದು ಅಡಗಿಮನಿ ಆಗ್ಯಾವು
ಶ್ರೀನಗರದ ಆಚೆ, ಯುನಿವರ್ಸಿಟಿ ಗುಡ್ಡ ಕಾಣೂವಲ್ಲಿ.

ಇಪ್ಪತ್ತೆರಡು ವರ್ಷ ಬಸ್ಸಿನಾಗ ನಿಂತು
ಹರಿದು ಕೊಟ್ಟ ಟಿಕೀಟು ಒಂದರ ಮ್ಯಾಲೊಂದು ಒಟ್ಟಿದ್ದರ
ಗ್ವಾಡಿ ಇಷ್ಟ ಎತ್ತರ ಏಳತಿತ್ತೇನೋ.

ಮನಿ ನಂದು.
ನಾ ಇರೂದು ಮಾತ್ರ ಹುಬ್ಬಳ್ಳಿ ಘಂಟಿಕೇರಿಯಾಗ,
ಹೊಂಬಳ ಕಾಕಾನ ಬಾಡಿಗಿ ಮನಿಯಾಗ.
ಅಲ್ಲೆ ನಾಕೂವರಿ ಸಾವಿರ ಕೊಡತೇನಿ, ಇಲ್ಲೆ ಎಂಟು ಇಸಗೋತೇನಿ.
ಬಾಡಿಗಿದಾರಳು ಯಾವ ಸ್ಟಾಪಿನಾಗ ಇಳೀತಾಳ,
ಮಾಲಕಳು ಎಲ್ಲಿ ಹತ್ತತಾಳ,
ರಾಯಾಪುರದಾಗೋ, ನವಲೂರಿನಾಗೋ,
ದಿನಾ ಅದ ದಾರಿ ತಿರಗಾಡೂ ನನಗೂ ತಿಳಿದಿಲ್ಲ.

ಕರಾರುಪತ್ರ ಬರಿಯಾಂವ ರೂಢಿ ಪ್ರಕಾರ
'ಮಾಲೀಕರಾದ ಶ್ರೀ' ಅಂತ ಕುಟ್ಟಿಬಿಟ್ಟಿದ್ದ.
ತಲಿ ಎತ್ತಿ ನನ್ನ ನೋಡಿ
ಪೆನ್ನಿಲೆ 'ಮತಿ' ಸೇರಿಸಿದ.
ಮತಿ ನನಗ ಆಮ್ಯಾಲೆ ಬಂದದ್ದು ಹಿಂಗ.

ಮೂವರು ಬಂದರು, ಭೂಗರ್ಭಶಾಸ್ತ್ರ ಓದವರು.
ಹಿರೇಕೆರೂರಿನ ಮೈಲಾರಿ, ಮುದ್ದೇಬಿಹಾಳದ ನಬಿ,
ಮಾತ ಆಡದ ಇನ್ನೊಬ್ಬ, ತಿಪ್ಪೇಶ; ಊರು ಹೇಳಿದ್ದ, ಮರತೆ.
ಎರಡು ಗಾದಿ, ಒಂದು ಕುಕ್ಕರು, ಮೂರು ಸುತ್ತಿಗಿ.
"ಇಷ್ಟು ಸುತ್ತಿಗಿ ಯಾಕ್ರೋ?"
"ಕಲ್ಲು ಒಡೀಲಿಕ್ಕ್ರೀ ಆಂಟೀ."

ಹೊಸಲ ಮ್ಯಾಲ ನಿಂತು ಹೇಳಿದೆ:
ಗ್ವಾಡಿಗೆ ಮೊಳಿ ಹೊಡೀಬ್ಯಾಡ್ರಿ. ನೀರು ಐದು ದಿನಕ್ಕೊಮ್ಮೆ,
ಮೋಟರ್ ಬಂದ್ ಮಾಡೂದು ಮರೀಬ್ಯಾಡ್ರಿ.
ಒಂದನೇ ತಾರೀಖು ಅಂದರ ಒಂದನೇ ತಾರೀಖು.
ಹೇಳತಾ ಹೇಳತಾ ದನಿ ನಂದಲ್ಲ ಅನಿಸಿತು.
ಹೊಂಬಳ ಕಾಕಾ ನನ್ನ ಗಂಟಲಾಗ
ಕುರ್ಚಿ ಹಾಕ್ಕೊಂಡು ಕುಂತಿದ್ದ.

ಮೂರನೇ ತಿಂಗಳ ಬಾಡಿಗಿ ಬರಲಿಲ್ಲ.
ಸ್ಕಾಲರ್‌ಶಿಪ್ ಬಂದಿಲ್ಲಂತ. ಫೋನೂ ಹತ್ತವಲ್ಲದು.
ವಾರದ ರಜಾಕ್ಕ, ಬೈಗಳ ಕಲಿಸಿಕೊಂಡು ಹೋದೆ,
ಬಾಗಲಕ್ಕ ಕೀಲಿ.
ನನ್ನ ಹಂತ್ಯಾಕ ಮೂರನೇದು ಇತ್ತಲ್ಲ.

ಒಳಗ ಕಲ್ಲು.
ಕಿಡಕ್ಯಾಗ ಕಲ್ಲು, ಕಪಾಟಿನಾಗ ಕಲ್ಲು,
ಅಕ್ಕಿ ಡಬ್ಬಿ ಬಾಜೂಕ ಕಲ್ಲು, ಎಲ್ಲಾಕ್ಕೂ ಬಿಳೇ ಬಣ್ಣದ ನಂಬರು.
ದೇವರು ಇಡಲಿ ಅಂತ ನಾ ಬಿಟ್ಟಿದ್ದ ಮಾಡದಾಗ
ಕರೇದೊಂದು, ಕೆಳಗ ಚೀಟಿ:
ಕಪ್ಪತಗುಡ್ಡ, ೨೬೦ ಕೋಟಿ ವರ್ಷ, ಅಂದಾಜು.
ನನ್ನ ಕರಾರು ಹನ್ನೊಂದು ತಿಂಗಳದ್ದು.

ಮೊಳಿ ಒಂದೂ ಇರಲಿಲ್ಲ.
ಕಿಡಕಿ ಸರಳಿಗೆ ಹಗ್ಗ ಬಿಗಿದು, ಖೋಲಿ ದಾಟಿಸಿ
ಬಾಗಲ ಚಿಲಕಕ್ಕ ಕಟ್ಟಿ
ಅಂಗಿ ಎಲ್ಲಾ ಅದರ ಮ್ಯಾಲ ಹಾಕಿದ್ದರು.
ಬಗ್ಗಿ ದಾಟಬೇಕು, ನನ್ನ ಮನಿಯಾಗ ನಾನ.
ಬಗ್ಗಿದೆ.

ಅಂಗಿಯ ಬೆವರ ವಾಸನಿ, ಬಸ್ಸಿನದ್ದ.
ಬಾಯಿ ಒಣಗಿತ್ತು. ಅವರ ಕೊಡದಾಗಿನ ನೀರು ಕುಡದೆ,
ಐದು ದಿನದ ನೀರಿನಾಗ ಒಂದು ಲೋಟಾ.
ತೊಳದು ಡಬ್ಬ ಹಾಕಿ ಬಂದೆ.

ರಾತ್ರಿ ನಬಿ ಫೋನ್ ಮಾಡಿದ, ಗದಗ ಕಡಿಯಿಂದ ಆಗಷ್ಟ ಬಂದಿದ್ದರಂತ.
ಮೊದಲು ಬಾಡಿಗಿ ಮಾತು, ಸೋಮವಾರ ಹಾಕತೇವ್ರಿ ಅಂದ.
ಆಮ್ಯಾಲೆ ಸಣ್ಣಗ:
"ಆಂಟೀ, ನಾವು ಲೋಟಾ ನೆಟ್ಟಗ ಇಡತೇವ್ರಿ."

ಬಸ್ಸಿನಾಗ ಟಿಕೀಟಿಲ್ಲದಾಂವನ್ನ ಹಿಡದಾಗ
ಅವನ ಮಾರಿ ಹೆಂಗ ಆಗತದ, ಸಾವಿರ ಸಲ ನೋಡೇನಿ.
ನನ್ನದು ಹೆಂಗ ಆತೋ, ನೋಡಾಕ ಯಾರೂ ಇರಲಿಲ್ಲ.
"ಮೊಳಿ ಹೊಡಕೊಳ್ರಿ," ಅಂದೆ.
"ಎರಡ. ಮೂರಲ್ಲ."

ಫೋನ್ ಇಟ್ಟು ಅಡಗಿಮನಿಗೆ ಬಂದೆ, ಘಂಟಿಕೇರಿಯ ಅಡಗಿಮನಿಗೆ.
ಹದಿನಾಕು ವರ್ಷದಾಗ ಒಮ್ಮೆನೂ ಹೊಳೆದಿರಲಿಲ್ಲ,
ಹೊಂಬಳ ಕಾಕಾನ ಹಂತ್ಯಾಕೂ ಒಂದು ಇರಬೇಕು.
ಕಟ್ಟಿ ಮ್ಯಾಲ ನನ್ನ ಲೋಟಾ, ಡಬ್ಬ.
ಮುಂಜಾನೆ ಡ್ಯೂಟಿಗೆ ಹೋಗೂವಾಗ
ನಾ ಹೆಂಗ ಇಟ್ಟಿದ್ದೆ?